ಬಾಲವಿಲ್ಲದ ಉಲಿಯಕ್ಕಿ

ಹೆಡ್‌ಫೋನಿನ ಕಿವಿಬಟ್ಟಲುಗಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸುವುದು ನನ್ನ ದಿನದ ಮೊದಲ ಕೆಲಸ. ವರ್ಷಗಟ್ಟಲೆ ಒರೆಸಿ ಒರೆಸಿ ಆ ವಾಸನೆ ಈಗ ನನಗೆ ಬರುವುದೇ ಇಲ್ಲ. ಸಂಜೆ ಮನೆಗೆ ಹೋದಾಗ ನನ್ನ ಯಜಮಾನರು ಮೂಗು ಮುರಿದರೆ ಮಾತ್ರ ಅದು ಇದೆಯೆಂದು ಗೊತ್ತಾಗುತ್ತದೆ. ಇವತ್ತು ಮಾತ್ರ ವಾಸನೆ ಜೋರಾಗಿ ಬಡಿಯಿತು. ಕಾರಣ ಹತ್ತಿಯಲ್ಲ, ಮೇಜಿನ ಮೇಲಿದ್ದ ಪಟ್ಟಿ. ಹತ್ತೂವರೆಗೆ ಬರಬೇಕಾದವರ ಜಾಗದಲ್ಲಿ ಸಂಜೀವಣ್ಣನ ಹೆಸರಿತ್ತು.

ನನ್ನ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ಕುವೈತಿನ ತೈಲ ಘಟಕಗಳಿಗೆ ಜನ ಒದಗಿಸುವ ಒಂದು ಕಂಪನಿಯ ಕ್ಲಿನಿಕ್ಕಿನಲ್ಲಿ ನಾನು ಕಿವಿ ಪರೀಕ್ಷೆ ಮಾಡುವವಳು. ಯಂತ್ರಗಳ ಗದ್ದಲದಲ್ಲಿ ದುಡಿಯುವವರು ವರ್ಷಕ್ಕೊಮ್ಮೆ ಬಂದು ನನ್ನ ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಕೂರುತ್ತಾರೆ. ಹೊರಗಿನಿಂದ ನಾನು ಒಂದೊಂದೇ ಸದ್ದು ಕಳಿಸುತ್ತೇನೆ. ಕೇಳಿಸಿದರೆ ಅವರು ಕೈಯಲ್ಲಿರುವ ಗುಂಡಿ ಒತ್ತಬೇಕು. ಒತ್ತಿದ್ದನ್ನು ನಾನು ಹಾಳೆಯಲ್ಲಿ ಗುರುತು ಹಾಕಿ, ಗುರುತುಗಳನ್ನು ಗೆರೆಯಾಗಿ ಕೂಡಿಸುತ್ತೇನೆ. ಹಾಳೆಯ ಎಡಕ್ಕೆ ದಪ್ಪ ದನಿಗಳು, ಬಲಕ್ಕೆ ಹೋದಂತೆ ಎತ್ತರದ ದನಿಗಳು. ಕಿವಿ ಚೆನ್ನಾಗಿದ್ದರೆ ಗೆರೆ ಮೇಲೆ ಇರುತ್ತದೆ, ಕೆಟ್ಟರೆ ಕೆಳಗೆ ಇಳಿಯುತ್ತದೆ. ಇಷ್ಟೇ. ಹಾಸನದಲ್ಲಿ ನನ್ನ ಅಕ್ಕ ಇವತ್ತಿಗೂ ನಾನು ದೊಡ್ಡ ಡಾಕ್ಟರೆಂದು ನೆಂಟರಿಗೆ ಹೇಳಿಕೊಂಡು ತಿರುಗುತ್ತಾಳೆ. ನಾನೂ ಬಾಯಿ ಬಿಟ್ಟು ತಿದ್ದಿಲ್ಲ.

ಸಂಜೀವಣ್ಣ ನನಗೆ ಪರಿಚಯವಾದದ್ದು ಕಿವಿಯಿಂದಲ್ಲ, ಹಕ್ಕಿಯಿಂದ. ನಾವಿಬ್ಬರೂ ಮಂಗಫಿನ ಒಂದೇ ಕಟ್ಟಡದಲ್ಲಿದ್ದೆವು, ನಾವು ನಾಲ್ಕನೆಯ ಮಹಡಿಯಲ್ಲಿ, ಅವರು ಎರಡನೆಯದರಲ್ಲಿ. ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ಯಾರೂ ನೆಡದ, ಯಾರೂ ನೀರು ಹಾಕದ ಒಂದು ಪೊದೆ ಇತ್ತು. ಒಂದು ಬೆಳಿಗ್ಗೆ ಅದರೊಳಗೆ ಹೆಬ್ಬೆರಳಿಗಿಂತ ತುಸು ದೊಡ್ಡದಾದ ಮಣ್ಣು ಬಣ್ಣದ ಹಕ್ಕಿ ಬಾಲ ಎತ್ತಿಕೊಂಡು ಕುಣಿಯುತ್ತಿತ್ತು. ನಾನು ಮಗಳನ್ನು ಕರೆದು, "ಅಗೋ ನೋಡು, ರೆನ್!" ಎಂದೆ. ಅವಳು, "ಓಕೆ ಅಮ್ಮಾ, ಬಸ್ ಮಿಸ್ ಆಗುತ್ತೆ" ಎಂದು ಹೊರಟುಹೋದಳು. ಹಿಂದಿನಿಂದ ಒಂದು ಗಂಡುದನಿ ಕೇಳಿಸಿತು.

"ಅದು ರೆನ್ ಅಲ್ಲ ಮಾರಾಯ್ರೆ. ಬಾಲ ನೋಡಿ, ಮೈಯಷ್ಟೇ ಉದ್ದ ಉಂಟು. ರೆನ್ನಿಗೆ ಬಾಲ ಇಷ್ಟೇ, ತುಂಡು."

ಬೆರಳಿನ ತುದಿಗೆ ಹೆಬ್ಬೆರಳಿಟ್ಟು ಅಳತೆ ತೋರಿಸಿದವರು ಕಂಪನಿಯ ನೀಲಿ ಅಂಗಿ ತೊಟ್ಟಿದ್ದರು. ವಯಸ್ಸು ಐವತ್ತರ ಆಚೆ. ಇಂಥವರು ನಮ್ಮ ಕಟ್ಟಡದಲ್ಲಿ ಹಕ್ಕಿಯ ಬಾಲದ ಬಗ್ಗೆ ಮಾತಾಡುತ್ತಾರೆಂದು ನಾನು ಎಣಿಸಿರಲಿಲ್ಲ. ನನಗೆ ಅವಮಾನವೂ ಆಯಿತು. ಯಾಕೆಂದರೆ ಹಕ್ಕಿಗಳ ವಿಷಯದಲ್ಲಿ ನಾನೇ ಪಂಡಿತೆ ಎಂಬ ಭ್ರಮೆ ನನಗಿತ್ತು. ನನ್ನ ತಪ್ಪಿಗೂ ಒಂದು ಮೂಲವಿದೆ. ನಮ್ಮಪ್ಪನ ಬಳಿ ಬೆನ್ನು ಕಿತ್ತುಹೋದ ಹಳೆಯ ಪಕ್ಷಿ ಪುಸ್ತಕವೊಂದಿತ್ತು. ನಮ್ಮ ಊರಿನ ಉಲಿಯಕ್ಕಿಯನ್ನು ಅದರಲ್ಲಿ ರೆನ್ ವಾರ್ಬ್ಲರ್ ಎಂದು ಕರೆದಿದ್ದರು. ನಾನು ಹಿಂದಿನ ಅರ್ಧವನ್ನು ಕೈಬಿಟ್ಟು ಮುಂದಿನ ಅರ್ಧವನ್ನು ಇಟ್ಟುಕೊಂಡು ಬೆಳೆದಿದ್ದೆ. ಕುವೈತಿನ ಪೊದೆಯಲ್ಲಿದ್ದದ್ದು ಆ ಉಲಿಯಕ್ಕಿಯ ದಾಯಾದಿ.

ಅಸಲಿ ರೆನ್ ಬೇರೆಯೇ. ಸಂಜೀವಣ್ಣ ಅದನ್ನು ಒಮ್ಮೆಯೂ ಕಂಡಿರಲಿಲ್ಲ. ಆದರೂ ಹೆಣ್ಣು ನೋಡಲು ಹೋಗಿ ಬಂದವರಂತೆ ವರ್ಣಿಸುತ್ತಿದ್ದರು: ಗುಂಡುಗುಂಡಗೆ, ಸುಟ್ಟ ಇಟ್ಟಿಗೆಯ ಬಣ್ಣ, ರೆಕ್ಕೆಯ ಮೇಲೆ ಅಡ್ಡಗೀರುಗಳು, ಕಣ್ಣಿನ ಮೇಲೆ ಬಿಳಿ ಹುಬ್ಬು, ಆಕಾಶ ನೋಡುವ ಮೋಟು ಬಾಲ. ಇಷ್ಟಾದರೂ ಅದನ್ನು ಖಚಿತವಾಗಿ ಗುರುತಿಸುವುದು ಹಾಡಿನಿಂದ. ಉಲಿಯಕ್ಕಿಯದು ಒಂದೇ ಸಣ್ಣ ಗಿರಿಗಿರಿ, ಹಳೆಯ ಗಡಿಯಾರಕ್ಕೆ ಕೀ ಕೊಟ್ಟ ಹಾಗೆ, ಮತ್ತೆ ಮತ್ತೆ ಅದೇ. ರೆನ್ನಿನದು ಒಂದೇ ದಮ್ಮಿಗೆ ಉಸುರುವ ಉದ್ದನೆಯ ಹಾಡು, ನಡುವೆ ಒಂದು ನಡುಕ, ಅಷ್ಟು ಸಣ್ಣ ಮೈಯಿಂದ ಅಷ್ಟು ದೊಡ್ಡ ದನಿ ಹೇಗೆ ಬಂತೆಂದು ಅಚ್ಚರಿಪಡಬೇಕು. ಈ ಹಾಡನ್ನು ನಾನು ಫೋನಿನಲ್ಲಿ ಕೇಳಿ ಕಲಿತೆ. ಸಂಜೀವಣ್ಣನೂ ಹಾಗೆಯೇ ಕಲಿತರೆಂದು ನಾನು ತಿಳಿದಿದ್ದೆ. ನನ್ನ ಪುಸ್ತಕದ ನಕ್ಷೆಯಲ್ಲಿ ರೆನ್ ಇರುವ ದೇಶಗಳಿಗೆಲ್ಲ ಹಸಿರು ಬಣ್ಣ ಹಚ್ಚಿದ್ದರು. ಕುವೈತಿನ ಜಾಗ ಬರೀ ಬಿಳಿ. ಆ ಬಿಳಿಯ ಮೇಲೆ ಬೆರಳಿಟ್ಟು, "ಒಂದಾದ್ರೂ ದಾರಿ ತಪ್ಪಿ ಬಾರದೆ ಇರ್ತದಾ? ನಾವೆಲ್ಲ ಬರ್ಲಿಲ್ವಾ?" ಎನ್ನುತ್ತಿದ್ದರು ಅವರು.

ಹಾಗೆ ಶುರುವಾದವು ನಮ್ಮ ಶುಕ್ರವಾರಗಳು. ನನ್ನ ಯಜಮಾನರು ರಜೆಯ ದಿನ ಹತ್ತು ಗಂಟೆಗೆ ಮೊದಲು ಏಳುವುದನ್ನು ಪಾಪವೆಂದು ತಿಳಿದವರು, ಅವರಿಂದ ತಕರಾರಿರಲಿಲ್ಲ. ಸಂಜೀವಣ್ಣನ ಹಳೆಯ ಕಾರಿನಲ್ಲಿ ಮೂವರು ವಫ್ರಾದ ತೋಟಗಳ ಕಡೆಗೆ ಹೊರಡುತ್ತಿದ್ದೆವು. ಮೂರನೆಯವರು ಅವರ ಹೆಂಡತಿ ವಾರಿಜಕ್ಕ. ಪುತ್ತೂರಿನ ಕಡೆಯವರು, ಗಂಡನೊಂದಿಗೆ ತುಳು, ನನ್ನೊಂದಿಗೆ ಕನ್ನಡ, ತೋಟದ ಬಂಗಾಲಿ ಕಾವಲುಗಾರನೊಂದಿಗೆ ತಮ್ಮದೇ ಆದ ಒಂದು ಹಿಂದಿ. ಆ ಹಿಂದಿಯ ಬಲದಿಂದಲೇ ನಮಗೆ ಗೇಟು ತೆರೆಯುತ್ತಿತ್ತು. ಸೌತೆಕಾಯಿ ಬೆಳೆಯುವ ಪ್ಲಾಸ್ಟಿಕ್ ಮನೆಗಳ ಹಿಂದೆ ನೀರು ತುಂಬಿಡುವ ಒಂದು ಹೊಂಡ, ಸುತ್ತ ಜೊಂಡು. ಹಕ್ಕಿಗಳೆಲ್ಲ ಅಲ್ಲೇ. ವಾರಿಜಕ್ಕನಿಗೆ ಹಕ್ಕಿಗಳಲ್ಲಿ ಕವಡೆಕಾಸಿನ ಆಸಕ್ತಿಯೂ ಇರಲಿಲ್ಲ. ಅಕ್ಕಿಯ ಉಂಡೆ ಕಡುಬು ಪುಂಡಿ, ಚಟ್ನಿ, ಫ್ಲಾಸ್ಕಿನಲ್ಲಿ ಚಹಾ ಹೊತ್ತುಕೊಂಡು ಬರುತ್ತಿದ್ದರು. ಆದರೂ ಗಂಡನ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಆಗಾಗ ಅವರ ಮೊಣಕೈಯನ್ನು ಮೆತ್ತಗೆ ಮುಟ್ಟುತ್ತಿದ್ದರು. ತಕ್ಷಣ ಸಂಜೀವಣ್ಣ ತಲೆ ಎತ್ತಿ, "ಹಾಂ, ಹಾಡಿತು" ಎನ್ನುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷವಾದರೂ ಎಂಥ ಪ್ರೀತಿ ಎಂದು ನಾನು ಒಳಗೊಳಗೇ ಹೊಟ್ಟೆಕಿಚ್ಚುಪಟ್ಟಿದ್ದೇನೆ. ಮನೆಗೆ ಬಂದು ನಮ್ಮವರಿಗೆ ಅದನ್ನು ಹೇಳಿ ತೋರಿಸಿದ್ದೂ ಉಂಟು.

ಕಿವಿ ಪರೀಕ್ಷಿಸುವುದು ನನ್ನ ವೃತ್ತಿ ಎಂದು ಮೇಲೆ ಹೇಳಿದೆನಲ್ಲ, ಅದನ್ನು ನೀವು ಮರೆಯಬೇಡಿ. ನಾನು ಮರೆತಿದ್ದೆ.

ಎರಡು ವರ್ಷದ ಹಿಂದೆ, ಮೇ ತಿಂಗಳ ಒಂದು ಶುಕ್ರವಾರ ವಾರಿಜಕ್ಕನಿಗೆ ಮೊಣಕಾಲು ನೋವು. ನಾವಿಬ್ಬರೇ ಹೋದೆವು. ಹೊರಟಿದ್ದೇ ತಡವಾಗಿ, ಹೊಂಡ ತಲುಪುವಾಗ ಎಂಟು ಗಂಟೆಗೇ ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು, ಮೇಲೆ ಧೂಳಿನ ತೆರೆ. ಜೊಂಡಿನ ಬುಡದಲ್ಲಿ ಒಂದು ಪುಟ್ಟ ಹಕ್ಕಿ ಕೂತಿತ್ತು. ಗುಂಡಗಿತ್ತು. ಬಾಲ ಮೋಟು. ಸಂಜೀವಣ್ಣ ನನ್ನ ಕಡೆ ತಿರುಗದೆ ಕೈ ಅಡ್ಡ ಹಿಡಿದು ನನ್ನನ್ನು ತಡೆದರು.

"ಮೇಡಂ, ಬಾಲ ನೋಡಿ. ತುಂಡು."

"ಹುಬ್ಬು ಕಾಣ್ತಿದೆಯಾ?"

"ಧೂಳಿಗೆ ಸರಿ ತೋರುದಿಲ್ಲ. ಹುಬ್ಬು ಎಂತಕ್ಕೆ? ಹಾಡ್ತಾ ಉಂಟಲ್ಲ! ಕೇಳಿ, ಕೇಳಿ. ಎಷ್ಟು ಉದ್ದ ಹಾಡ್ತಾ ಉಂಟು. ಇದು ರೆನ್ನೇ."

ನಾನು ಕಿವಿಗೊಟ್ಟೆ. ದೂರದಲ್ಲಿ ನೀರಿನ ಪಂಪು ಓಡುತ್ತಿತ್ತು. ಪ್ಲಾಸ್ಟಿಕ್ ಮನೆಯ ಹರಿದ ತುದಿ ಗಾಳಿಗೆ ಪಟಪಟ ಎನ್ನುತ್ತಿತ್ತು. ಬೇರೇನೂ ಇಲ್ಲ. ನನ್ನ ದುರ್ಬೀನಿನಲ್ಲಿ ಹಕ್ಕಿ ಸ್ಪಷ್ಟವಾಗಿ ಕಾಣುತ್ತಿತ್ತು. ಕೊಕ್ಕು ಅಗಲವಾಗಿ ತೆರೆದಿತ್ತು, ಗಂಟಲು ಪುಟಪುಟ ಮಿಡಿಯುತ್ತಿತ್ತು. ಅದು ಹಾಡುತ್ತಿರಲಿಲ್ಲ. ಸೆಕೆಗೆ ಬಾಯಿ ಬಿಟ್ಟುಕೊಂಡು ಏದುಸಿರು ಬಿಡುತ್ತಿತ್ತು. ಕುವೈತಿನ ಬೇಸಿಗೆಯಲ್ಲಿ ಎಲ್ಲ ಹಕ್ಕಿಗಳೂ ಮಾಡುವುದು ಅದನ್ನೇ. ಬಾಲ ಯಾವುದೋ ಬೆಕ್ಕಿನ ಬಾಯಿಗೋ ಬೇಲಿಯ ತಂತಿಗೋ ಹೋಗಿತ್ತು. ಅದು ನಮ್ಮ ಮಾಮೂಲಿ ಉಲಿಯಕ್ಕಿ.

ಸಂಜೀವಣ್ಣನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಹಿಂದೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಅವರು ಆ ಮೌನವನ್ನು ಕೇಳಿಸಿಕೊಳ್ಳುತ್ತಾ ತಲೆದೂಗುತ್ತಿದ್ದರು. "ಎಂತ ಹಾಡು ಅಲ್ವಾ?" ಎಂದರು. ನಾನು "ಹೌದು" ಎಂದೆ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಅಷ್ಟು ಹೊತ್ತಿಗೆ ನನಗೆ ವಾರಿಜಕ್ಕ ಆಗಾಗ ಮುಟ್ಟುತ್ತಿದ್ದ ಆ ಮೊಣಕೈ ನೆನಪಾಗಿತ್ತು.

ವಾಪಸು ಬರುವಾಗ ತೋಟದ ರಸ್ತೆಯಿಂದ ಹೆದ್ದಾರಿಗೆ ತಿರುಗಲು ಅವರು ಹಾಕಿದ ಇಂಡಿಕೇಟರು ಆರಲೇ ಇಲ್ಲ. ಟಿಕ್ ಟಿಕ್ ಎಂದು ಮಂಗಫಿನವರೆಗೂ ಹೊಡೆದುಕೊಳ್ಳುತ್ತಿತ್ತು. ಅವರು ರೆನ್ನಿನ ಬಗ್ಗೆಯೇ ಮಾತಾಡುತ್ತಿದ್ದರು, ಪುಸ್ತಕದವರಿಗೆ ಪತ್ರ ಬರೆಯಬೇಕು, ನಕ್ಷೆಯಲ್ಲಿ ಒಂದು ಚುಕ್ಕೆಯಾದರೂ ಹಾಕಿಸಬೇಕು ಎಂದು. ನಾನು ಇಂಡಿಕೇಟರನ್ನೇ ಕೇಳುತ್ತಿದ್ದೆ.

ಯಂತ್ರಗಳ ಗದ್ದಲ ಕಿವಿಯನ್ನು ಒಂದೇ ಸಲಕ್ಕೆ ಕೆಡಿಸುವುದಿಲ್ಲ. ಎತ್ತರದ ಸಣ್ಣ ದನಿಗಳನ್ನು ಮೊದಲು ಕದಿಯುತ್ತದೆ. ಹಕ್ಕಿ, ಗಡಿಯಾರ, ಇಂಡಿಕೇಟರು. ಎದುರು ನಿಂತು ಮಾತಾಡಿದರೆ ಎಷ್ಟೋ ಕಾಲ ಗೊತ್ತೇ ಆಗುವುದಿಲ್ಲ. ಸಂಜೀವಣ್ಣ ಅನಿಲದ ಕಂಪ್ರೆಸರುಗಳ ಪಕ್ಕ ಇಪ್ಪತ್ತಾರು ವರ್ಷ ನಿಂತವರು. ಮೊದಮೊದಲು ಕಿವಿಗೆ ಹತ್ತಿಯೇ ಗತಿ. ಇದೆಲ್ಲ ಸರಿ. ಸರಿ ಹೋಗದಿದ್ದದ್ದು ನನ್ನ ಕಪಾಟಿನಲ್ಲಿದ್ದ ಅವರ ಹಾಳೆಗಳು. ಪ್ರತಿ ವರ್ಷವೂ ನಾನೇ ಪರೀಕ್ಷಿಸಿ, ನಾನೇ ಗೆರೆ ಎಳೆದು, ನಾನೇ ರುಜು ಹಾಕಿದ್ದೆ. ಗೆರೆ ಮೇಲೆಯೇ ಇತ್ತು. ಆ ಗೆರೆಯನ್ನು ನಂಬಿ ಅವರನ್ನು ಅನಿಲದ ಜಾಗದಲ್ಲಿ ನಿಲ್ಲಿಸಿದ್ದರು. ಅಲ್ಲಿ ಸೋರಿಕೆಯಾದರೆ ಮೊದಲು ಕೂಗುವುದು ಒಂದು ಅಲಾರಂ.

ಅವರ ಆ ವರ್ಷದ ಪರೀಕ್ಷೆಗೆ ಒಂಬತ್ತು ದಿನ ಇತ್ತು. ಐದನೆಯ ದಿನ ವಾರಿಜಕ್ಕ ಮೊಣಕಾಲು ನೋವಿನಲ್ಲೇ ನಾಲ್ಕನೆಯ ಮಹಡಿಗೆ ಬಂದು ನನ್ನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು. ಕೂತವರು ಬೇರೆ ಮಾತೇ ಆಡಲಿಲ್ಲ.

"ನಿಮಗೆ ಗೊತ್ತಾಯ್ತಲ್ಲ?"

"ಹೂಂ."

"ಅವರು ರೆನ್ ಹಾಡಿತು ಅಂತ ಹೇಳಿದ ಕೂಡ್ಲೇ ನನಗೆ ಹೆದರಿಕೆ ಆಯ್ತು. ನಾನು ಇಲ್ದೆ ಅವರಿಗೆ ಹೇಗೆ ಕೇಳಿತು?" ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೇಳಿದರು, "ಎರಡು ವರ್ಷ ಸುಮ್ಮನಿರ್ಲಿಕ್ಕೆ ಆಗ್ತದಾ ನಿಮಗೆ? ಮತ್ತೆ ನಾವೇ ಊರಿಗೆ ಹೋಗ್ತೇವೆ."

"ಅಲಾರಂ ಆದ್ರೆ ಏನ್ ಮಾಡ್ತಾರೆ ವಾರಿಜಕ್ಕ?"

"ಕೆಂಪು ದೀಪವೂ ಹೊತ್ತಿಕೊಳ್ತದಂತೆ."

"ದೀಪದ ಕಡೆ ಬೆನ್ನು ಹಾಕಿದ್ರೆ?"

ವಾರಿಜಕ್ಕ ನಾನು ಕೊಟ್ಟ ಚಹಾ ಕುಡಿದು, ಲೋಟ ತೊಳೆದಿಟ್ಟು ಹೋದರು. ನಮ್ಮ ಯಜಮಾನರನ್ನು ಕೇಳಿದೆ. ಅವರು ಬ್ಯಾಂಕಿನವರು, ಎರಡೂ ಕಡೆ ವಾಲದೆ ಮಾತಾಡುವುದೇ ಅವರ ಸಂಬಳ. "ನಿನ್ನ ರುಜು, ನಿನ್ನ ಇಷ್ಟ" ಎಂದರು. ಒಳಗೊಳಗೇ ನಾನು ಒಂದು ಆಸೆ ಇಟ್ಟುಕೊಂಡಿದ್ದೆ. ಹಾಳೆ ಸುಳ್ಳು ಹೇಳುವುದಿಲ್ಲ, ಹೊಂಡದ ಹತ್ತಿರ ನನ್ನದೇ ಕಿವಿ ಮಂದವಾಗಿರಬಹುದು ಎಂದು. ಹಾಗಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಪರೀಕ್ಷೆಯ ದಿನ ಸಂಜೀವಣ್ಣ ಎಂದಿನಂತೆ ಬಂದು, ಎಂದಿನಂತೆ ಕಿಟಕಿಗೆ ಮುಖ ಮಾಡಿ ಕೂತರು. ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಪರೀಕ್ಷೆಗೆ ಕೂತವರಿಗೆ ಪರೀಕ್ಷಿಸುವವರ ಮುಖ ಕಾಣಬಾರದು, ನಮಗೆ ಕಲಿಸುವ ಮೊದಲ ಪಾಠವೇ ಅದು. ನಮ್ಮ ಕೋಣೆ ಇಕ್ಕಟ್ಟು, ಬಾಗಿಲು ತೆರೆಯಬೇಕಾದರೆ ಕುರ್ಚಿ ಹಾಗೇ ಇರಬೇಕು. ಇವತ್ತು ಸರಿಪಡಿಸೋಣ ನಾಳೆ ಸರಿಪಡಿಸೋಣ ಎಂದು ವರ್ಷಗಳೇ ಹೋಗಿದ್ದವು.

ಮೊದಲ ಸದ್ದು ಕಳಿಸಿದೆ, ಒತ್ತಿದರು. ಎರಡನೆಯದು, ಒತ್ತಿದರು. ಎತ್ತರದ ಸದ್ದಿಗೆ ಹೋದೆ. ಸಣ್ಣದು, ಇನ್ನೂ ಸಣ್ಣದು, ಎಲ್ಲಕ್ಕೂ ಒತ್ತಿದರು. ಆಗ ಅವರ ಕಣ್ಣು ನೋಡಿದೆ. ಹೊಂಡದ ಬಳಿ ಜೊಂಡನ್ನು ನೋಡುತ್ತಿದ್ದರಲ್ಲ, ಅದೇ ರೆಪ್ಪೆ ಹೊಡೆಯದ ನೋಟ, ಈಗ ನನ್ನ ಹಣೆಯ ಮೇಲಿತ್ತು. ನಾನು ಏನಾದರೂ ಮಾಡುವಾಗ ಹುಬ್ಬು ಹಾರಿಸುತ್ತೇನಂತೆ. ಅಕ್ಕ ಅದರಿಂದಲೇ ಇಸ್ಪೀಟಿನಲ್ಲಿ ನನ್ನನ್ನು ಸೋಲಿಸುತ್ತಿದ್ದಳು. ನನಗೆ ಒಂದು ಯೋಚನೆ ಬಂತು. ಸದ್ದು ಕಳಿಸದೆ, ಕೈ ಮಡಿಲಲ್ಲಿಟ್ಟುಕೊಂಡು, ಬರೀ ಹುಬ್ಬು ಎತ್ತಿದೆ. ಸಂಜೀವಣ್ಣ ಗುಂಡಿ ಒತ್ತಿದರು. ಇನ್ನೊಮ್ಮೆ ಎತ್ತಿದೆ. ಒತ್ತಿದರು.

ಇಪ್ಪತ್ತಾರು ವರ್ಷ ದುಡಿದ ಮನುಷ್ಯನನ್ನು ನಾನು ಹುಬ್ಬಿನಿಂದ ಬಲೆಗೆ ಕೆಡವಿದ್ದೆ. ನಾಚಿಕೆಯಾಯಿತು. ಮೂರನೆಯ ಸಲ ಎತ್ತಲಾಗಲಿಲ್ಲ. ತಲೆ ತಗ್ಗಿಸಿ ಕೂತುಬಿಟ್ಟೆ. ತಲೆ ಎತ್ತಿದಾಗ ಅವರಿಗೆ ಎಲ್ಲ ಅರ್ಥವಾಗಿತ್ತು. ಹಕ್ಕಿ ನೋಡುವವರಿಗೆ ಮುಖ ಓದಲು ಬಾರದೇ ಇರುತ್ತದೆಯೇ? ಹೆಡ್‌ಫೋನು ತೆಗೆದು ಎದ್ದು ನಿಂತರು. ಹೊರಗೆ ಬಂದು ಬೈಯುತ್ತಾರೆ, ಇಲ್ಲವೇ ಕೈ ಮುಗಿಯುತ್ತಾರೆ ಎಂದುಕೊಂಡೆ. ಎರಡೂ ಮಾಡಲಿಲ್ಲ. ಆ ಇಕ್ಕಟ್ಟಿನಲ್ಲಿ ಕಷ್ಟಪಟ್ಟು ಕುರ್ಚಿಯನ್ನು ಎತ್ತಿ ಗೋಡೆಯ ಕಡೆ ತಿರುಗಿಸಿದರು. ನನಗೆ ಬೆನ್ನು ಹಾಕಿ ಕೂತು, ಹೆಡ್‌ಫೋನು ಹಾಕಿಕೊಂಡು, ಶುರು ಮಾಡಿ ಎನ್ನುವಂತೆ ಒಂದು ಕೈ ಎತ್ತಿದರು.

ಆ ಬೆನ್ನಿಗೆ ನಾನು ಒಂದಾದ ಮೇಲೊಂದು ಸದ್ದು ಕಳಿಸಿದೆ. ಎತ್ತರದ ಸದ್ದುಗಳಿಗೆ ಗುಂಡಿ ಒತ್ತಿದ ಗುರುತೇ ಇಲ್ಲ. ಗೆರೆ ಹಾಳೆಯ ತಳಕ್ಕೆ ಹೋಯಿತು. ಮುಗಿಸಿ ಹೊರಬಂದವರು ಹಾಳೆಯ ಕಡೆ ನೋಡದೆ ಕೇಳಿದರು.

"ಆ ದಿನ ಹಕ್ಕಿ ಹಾಡ್ಲಿಲ್ಲ, ಅಲ್ವಾ?"

"ಇಲ್ಲ ಸಂಜೀವಣ್ಣ. ಸೆಕೆಗೆ ಬಾಯಿ ಬಿಟ್ಟಿತ್ತು."

"ಹಾಗಾದ್ರೆ ರೆನ್ ಅಲ್ಲ." ಬಾಗಿಲ ಕಡೆ ತಿರುಗಿ, "ಪತ್ರ ಹಾಕ್ಲಿಲ್ಲ, ಒಳ್ಳೆಯದಾಯ್ತು" ಎಂದರು.

ಮುಂದೆ ಆದದ್ದೆಲ್ಲ ಕಾಗದದ ಕೆಲಸ. ಅವರನ್ನು ಕಂಪ್ರೆಸರುಗಳ ಬಳಿಯಿಂದ ತೆಗೆದು ಸ್ಪ್ಯಾನರು, ಪೈಪು, ನಟ್ಟು ಬೋಲ್ಟುಗಳ ಸ್ಟೋರಿಗೆ ಹಾಕಿದರು. ಸ್ಟೋರಿನವರ ದರ್ಜೆ ಕಡಿಮೆ. ಹೆಂಡತಿಯನ್ನು ಇಲ್ಲಿ ಇರಿಸಿಕೊಳ್ಳಲು ಗಂಡನ ಸಂಬಳ ಇಷ್ಟಿರಬೇಕೆಂದು ಈ ದೇಶದಲ್ಲಿ ನಿಯಮವಿದೆ, ಅದು ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ. ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಮುಗಿದಾಗ ವಾರಿಜಕ್ಕನದು ಮುಂದುವರಿಯಲಿಲ್ಲ. ಅಲ್ಲಿಯವರೆಗೂ ಯೋಚಿಸಿರದ ಈ ಒಂದು ವಿಷಯ ನನ್ನನ್ನು ಈಗಲೂ ಚುಚ್ಚುತ್ತದೆ. ಅನಿಲ, ಅಲಾರಂ, ನನ್ನ ರುಜು ಎಲ್ಲವನ್ನೂ ಲೆಕ್ಕ ಹಾಕಿದ್ದೆ. ಅವರ ಕಿವಿಯಾಗಿದ್ದವರೇ ಹೊರಡಬೇಕಾಗುತ್ತದೆಂದು ಹೊಳೆದಿರಲಿಲ್ಲ. ಹೊಳೆದಿದ್ದರೂ ಅದೇ ಗೆರೆಯನ್ನು ಎಳೆಯುತ್ತಿದ್ದೆನೇ? ಎಳೆಯುತ್ತಿದ್ದೆ ಎಂದು ಹೇಳಿಕೊಳ್ಳುತ್ತೇನೆ.

ವಿಮಾನ ನಿಲ್ದಾಣಕ್ಕೆ ನಾನೂ ಹೋಗಿದ್ದೆ. ವಾರಿಜಕ್ಕ ಒಳಗೆ ಹೋಗುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದರು. "ನೀವು ಮಾಡಿದ್ದು ಸರಿ. ಅವರು ಜೀವಸಹಿತ ಇದ್ದರೆ ಸಾಕು ನನಗೆ. ಆದ್ರೂ ನಿಮ್ಮ ಮೇಲೆ ಸಿಟ್ಟುಂಟು, ಸುಳ್ಳು ಹೇಳುದಿಲ್ಲ" ಎಂದರು. ನನಗೆ ಸಮಾಧಾನವೇ ಆಯಿತು. ಸಿಟ್ಟಿಲ್ಲವೆಂದಿದ್ದರೆ ನಾನು ನಂಬುತ್ತಿರಲಿಲ್ಲ.

ಆಮೇಲೆ ವಫ್ರಾಕ್ಕೆ ನಾವು ಹೋದದ್ದು ಮೂರೋ ನಾಲ್ಕೋ ಸಲ. ಮಾತು ಕಡಿಮೆಯಾಗಿತ್ತು, ಜಗಳವಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಸಂಜೀವಣ್ಣ ಮಂಗಫಿನ ಮನೆ ಖಾಲಿ ಮಾಡಿ ಫಿಂಟಾಸಿನಲ್ಲಿ ಇಬ್ಬರು ಜೊತೆಗಾರರೊಂದಿಗೆ ಒಂದು ಕೋಣೆ ಹಿಡಿದರು. ಹಾಗಾಗಿ ಇವತ್ತು ಹತ್ತೂವರೆಗೆ ನಾನು ಅವರನ್ನು ನೋಡಿದ್ದು ಎಷ್ಟೋ ತಿಂಗಳ ಮೇಲೆ. ಕೂದಲು ಇನ್ನಷ್ಟು ಬೆಳ್ಳಗಾಗಿತ್ತು. ಎರಡೂ ಕಿವಿಯ ಹಿಂದೆ ಕಂಪನಿ ಕೊಟ್ಟ ಯಂತ್ರ. ಅದನ್ನು ತೆಗೆದು ಮೇಜಿನ ಮೇಲಿಟ್ಟು ಒಳಗೆ ಹೋದರು. ಪರೀಕ್ಷೆ ಹತ್ತು ನಿಮಿಷದಲ್ಲಿ ಮುಗಿಯಿತು. ಗೆರೆ ಇನ್ನೂ ಒಂದು ಮೆಟ್ಟಿಲು ಇಳಿದಿತ್ತು, ಈ ಸಲ ನಡುವಿನ ದನಿಗಳಲ್ಲೂ.

ಯಂತ್ರ ಹಾಕಿಕೊಂಡು ನನ್ನ ಎದುರು ಕೂತು, ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಇಷ್ಟು ವರ್ಷದಲ್ಲಿ ಅವರು ಹಾಳೆಯನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು.

"ಇದರಲ್ಲಿ ವಾರಿಜನ ಸ್ವರ ಎಲ್ಲಿ ಉಂಟು ಮೇಡಂ?"

ನನಗೆ ಮೊದಲು ಅರ್ಥವಾಗಲಿಲ್ಲ.

"ದಿನಾ ಫೋನು ಮಾಡ್ತಾಳೆ. ಮೊದ್ಲು ಎಲ್ಲ ಕೇಳ್ತಿತ್ತು. ಈಗ ಅವಳು ಮುಚ್ಚಿದ ಬಾಗಿಲಿನ ಆಚೆ ನಿಂತು ಮಾತಾಡಿದ ಹಾಗೆ ಆಗ್ತದೆ. ಗೆರೆ ಇಳೀತಾ ಬಂತಲ್ಲ, ಅವಳ ಹತ್ತಿರ ಬಂತಾ ಅಂತ ಕೇಳಿದ್ದು."

ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಅನಿಲದ ಅಲಾರಂ ಯಾವ ಮಟ್ಟದಲ್ಲಿದೆ, ಕೆಲಸಕ್ಕೆ ಎಷ್ಟಿರಬೇಕು, ಇವು ನನಗೆ ಬಾಯಿಪಾಠ. ನಾನು ಪೆನ್ಸಿಲು ತೆಗೆದುಕೊಂಡು ಹೆಂಗಸರ ದನಿ ಇರುವ ಜಾಗದಲ್ಲಿ ತೆಳುವಾಗಿ ಒಂದು ಸುತ್ತು ಹಾಕಿದೆ. ಸುತ್ತಿನ ಬಲಭಾಗವನ್ನು ಗೆರೆ ಆಗಲೇ ದಾಟಿ ಕೆಳಗಿಳಿದಿತ್ತು. ಅದನ್ನು ಮುಚ್ಚಿಡಬೇಕೆನಿಸಿತು, ಮುಚ್ಚಿಡಲಿಲ್ಲ.

"ಈ ಕಡೆ ಹೋಗಿದೆ ಸಂಜೀವಣ್ಣ. ಅದಕ್ಕೇ ಮಾತು ಪೂರ್ತಿ ತಿಳಿಯಲ್ಲ. ಈ ಕಡೆ ಇನ್ನೂ ಇದೆ. ಅವರದೇ ದನಿ ಅಂತ ಗೊತ್ತಾಗುತ್ತೆ."

"ನಗಾಡಿದ್ರೆ?"

"ನಗು ಕೇಳಿಸುತ್ತೆ."

ಅವರು ಆ ಸುತ್ತಿನ ಎಡಭಾಗದ ಮೇಲೆ ಬೆರಳಿಟ್ಟು ತುಂಬ ಹೊತ್ತು ನೋಡಿದರು. "ಆಗ್ಬಹುದು" ಎಂದು ಎದ್ದು, ರುಜು ಹಾಕಿ, ಸ್ಟೋರಿಗೆ ಹೋಗುವ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಕಂಪನಿಯ ಹಾಳೆಯ ಮೇಲೆ ಪೆನ್ಸಿಲಿನ ಗುರುತು ಇರಬಾರದು. ರಬ್ಬರು ಕೈಯಲ್ಲೇ ಇತ್ತು. ನಾನು ಅಳಿಸದೆ ಹಾಗೆಯೇ ಫೈಲಿಗೆ ಸೇರಿಸಿ, ಹನ್ನೊಂದು ಗಂಟೆಯವರನ್ನು ಒಳಗೆ ಕರೆದೆ.